ತುಂಬಿದ ತಿಜೋರಿಗೊಬ್ಬ ಗುರು

ಬಡತನ ಇರುವಲ್ಲಿ ಬಾವಾಜಿ ಇರುತ್ತಾನೆ. ಊರಿಗೆ ಶಾಲೆ ಬಂದು, ದೀಪ ಬಂದು, ಜನರ ಕೈಗೆ ನಾಲ್ಕು ಕಾಸು ಬಂದರೆ ಬಾವಾಜಿ ತಾನಾಗಿಯೇ ಜೋಳಿಗೆ ಎತ್ತಿಕೊಂಡು ಹೊರಡುತ್ತಾನೆ – ಇದು ಓದಿದ ಜನ ಬಹುಕಾಲದಿಂದ ಹೇಳುತ್ತ ಬಂದ ಮಾತು. ಶಾಲೆ ಬಂತು. ದೀಪ ಬಂತು. ಕೆಲವರ ಕೈಗೆ ನಾಲ್ಕು ಕಾಸಲ್ಲ, ನಾಲ್ಕು ಕೋಟಿಯೇ ಬಂತು. ಬಾವಾಜಿ ಹೊರಟನೇ? ಜೋಳಿಗೆ ಬಿಟ್ಟು ಟ್ರಸ್ಟು ಮಾಡಿದ. ಮರದ ನೆರಳು ಬಿಟ್ಟು ನೂರಾರು ಎಕರೆಯ ಆಶ್ರಮ ಕಟ್ಟಿದ. ಕಾಲುನಡಿಗೆ ಬಿಟ್ಟು ವಿಮಾನ ಹತ್ತಿದ. ಮೊದಲು ಅವನು ಉಳ್ಳವರ ಬಾಗಿಲಿಗೆ ಹೋಗುತ್ತಿದ್ದ. ಈಗ ಉಳ್ಳವರು ಚೀಟಿ ಹರಿಸಿ ಅವನ ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ.

ಆದುದರಿಂದ ಹಳೆಯ ಮಾತನ್ನು ತಿರುವಿಹಾಕಿ ನೋಡಬೇಕಾಗಿದೆ. ಇಂದಿನ ಗುರು ಬಡತನದ ಕೂಸಲ್ಲ, ಸಿರಿತನದ ಕೂಸು. ಅದರಲ್ಲೂ ಹಂಚಿಕೊಳ್ಳಲೊಲ್ಲದ ಸಿರಿತನದ ಕೂಸು. ಉಳ್ಳವರು ಯಾರ ಕಾಲಿಗಾದರೂ ಬೀಳಲಿ, ಅದರಿಂದ ನಮಗೇನು ಎಂದು ಗಿರಣಿಯ ಗೆಳೆಯರೂ ಪೇಟೆಯ ಸಣ್ಣ ವ್ಯಾಪಾರಸ್ಥರೂ ಕೇಳಬಹುದು. ಬೀಳಲಿ, ನಮ್ಮ ಅಡ್ಡಿಯಿಲ್ಲ. ಆದರೆ ಅವರಿಟ್ಟ ಕಾಣಿಕೆ ಕೊನೆಗೆ ಯಾರ ಲೆಕ್ಕಕ್ಕೆ ಖರ್ಚು ಬೀಳುತ್ತದೆ ಎಂಬುದನ್ನು ವಿಚಾರಿಸುವ ಹಕ್ಕು ನಮಗುಂಟು.

ಮೊದಲು ಹೊರದೇಶದ ಮಾತು. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಇಪ್ಪತ್ತು ವರ್ಷಗಳಲ್ಲಿ ಅಮೆರಿಕ, ಇಂಗ್ಲೆಂಡು, ಜರ್ಮನಿಗಳಲ್ಲಿ ಹಿಂದೆಂದೂ ಕಾಣದಷ್ಟು ಹಣ ಹರಿಯಿತು. ನಮ್ಮ ಗುರುಗಳು ಹಿಂಡುಹಿಂಡಾಗಿ ಸಮುದ್ರ ದಾಟಿದ್ದು ಸರಿಯಾಗಿ ಆಗ. 1968ರ ಫೆಬ್ರವರಿಯಲ್ಲಿ ಬೀಟಲ್ಸ್ ಎಂಬ ಹಾಡುಗಾರರ ತಂಡದವರು, ಇಪ್ಪತ್ತೈದರ ಆಸುಪಾಸಿನಲ್ಲೇ ಮನೆತುಂಬ ದುಡ್ಡು ಕಂಡಿದ್ದ ನಾಲ್ವರು, ಹೃಷೀಕೇಶಕ್ಕೆ ಬಂದು ಮಹರ್ಷಿ ಮಹೇಶ ಯೋಗಿಗಳ ಎದುರು ಕುಳಿತರು. ಅವರು ಹುಟ್ಟಿದ ಲಿವರ್‌ಪೂಲಿನ ಹಡಗುಕಟ್ಟೆಯ ಹಮಾಲರು ಹೃಷೀಕೇಶಕ್ಕೆ ಬಂದದ್ದನ್ನು ನಾವು ಕೇಳಿಲ್ಲ. ಅನಂತರ ರಜನೀಶರು. 1981ರಲ್ಲಿ ಪುಣೆಯಿಂದ ಅಮೆರಿಕಕ್ಕೆ ಹೋಗಿ, ಆರಿಗಾನ್ ಸೀಮೆಯಲ್ಲಿ ಸುಮಾರು 64,000 ಎಕರೆಯಲ್ಲಿ ನೆಲಸಿ, 93 ರೋಲ್ಸ್‌ರಾಯ್ಸ್ ಕಾರುಗಳ ನಡುವೆ ಧರ್ಮಬೋಧೆ ನಡೆಸಿದರು. 1985ರಲ್ಲಿ ಆ ದೇಶ ಬಿಡಬೇಕಾಯಿತು. ತಾನು ಶ್ರೀಮಂತರ ಗುರು ಎಂದು ಅವರು ಬಾಯಿಬಿಟ್ಟೇ ಹೇಳಿಕೊಳ್ಳುತ್ತಿದ್ದರು. ಆ ಮಹಾಶಯರನ್ನು ಇದೊಂದು ವಿಷಯಕ್ಕೆ ನಾವು ಮೆಚ್ಚುತ್ತೇವೆ: ಒಳಗೆ ಯಾವ ಸರಕು ಇತ್ತೋ ಅದನ್ನೇ ಬೋರ್ಡಿನ ಮೇಲೆ ಬರೆದರು. ಅವರ ಹಿಂದೆ ಬಂದವರು ಸರಕು ಅದನ್ನೇ ಇಟ್ಟು ಬೋರ್ಡು ಮಾತ್ರ ಬದಲಾಯಿಸಿದರು: ಲೋಕಕಲ್ಯಾಣಾರ್ಥ!

ಇನ್ನು ನಮ್ಮ ನಾಡಿಗೆ ಬನ್ನಿ. 1981ನೆಯ ಇಸವಿಯಲ್ಲಿ ಎರಡು ಸಂಸ್ಥೆಗಳು ಹುಟ್ಟಿದವು. ಒಂದು ಇನ್ಫೋಸಿಸ್ ಕಂಪನಿ. ಪುಣೆಯಲ್ಲಿ ಹುಟ್ಟಿ 1983ರಲ್ಲಿ ಬೆಂಗಳೂರಿಗೆ ಬಂತು. ಇನ್ನೊಂದು ಶ್ರೀ ಶ್ರೀ ರವಿಶಂಕರರ ಆರ್ಟ್ ಆಫ್ ಲಿವಿಂಗ್. ಅವರ ಸುದರ್ಶನ ಕ್ರಿಯೆ 1982ರಲ್ಲಿ ಶಿವಮೊಗ್ಗ ಸೀಮೆಯಲ್ಲಿ, ಭದ್ರಾ ನದಿಯ ದಂಡೆಯ ಮೇಲೆ, ಮೌನವ್ರತದಲ್ಲಿದ್ದಾಗ ಹೊಳೆದದ್ದೆಂದು ಆ ಸಂಸ್ಥೆಯವರೇ ಹೇಳುತ್ತಾರೆ. ಅದೇ ಭದ್ರೆಯ ನೀರು ನಮ್ಮ ದಾವಣಗೆರೆ ಜಿಲ್ಲೆಯ ಗದ್ದೆಗಳಿಗೂ ಬರುತ್ತದೆ, ಕಟ್ಟಕಡೆಯ ರೈತನಿಗೆ ಮಾತ್ರ ಬರುವುದಿಲ್ಲ, ಅದಿರಲಿ. ಎರಡೂ ಸಂಸ್ಥೆಗಳು ಮುಗಿಲು ಮುಟ್ಟಿದ್ದು 1991ರ ಜುಲೈನಲ್ಲಿ ಅರ್ಥಸಚಿವ ಮನಮೋಹನ ಸಿಂಗರು ಬಂಡವಾಳಕ್ಕೆ ಬಾಗಿಲು ತೆರೆದ ಮೇಲೆ. 1992ರಲ್ಲಿ ಕೊಯಮತ್ತೂರಿನಲ್ಲಿ ಈಶ ಸಂಸ್ಥೆ ಎದ್ದಿತು. ಅದರ ಜಗ್ಗಿ ವಾಸುದೇವರು ನಮ್ಮ ಮೈಸೂರಿನವರೇ. 2000ದ ಸುಮಾರಿಗೆ ಹಗಲಿರುಳೂ ಪ್ರವಚನ ಬಿತ್ತರಿಸುವ ಟಿ.ವಿ. ಚಾನೆಲ್ಲುಗಳು ಬಂದವು. 2017ರಲ್ಲಿ ಕೊಯಮತ್ತೂರಿನ ಬಳಿ 112 ಅಡಿಯ ಆದಿಯೋಗಿಯ ಮುಖ ಎದ್ದಿತು; 2023ರ ಜನವರಿಯಲ್ಲಿ ಅಂಥದೇ ಇನ್ನೊಂದು ಚಿಕ್ಕಬಳ್ಳಾಪುರದಲ್ಲಿ. ಆ ಸೀಮೆಯ ಹಳ್ಳಿಗಳಲ್ಲಿ ಕುಡಿಯುವ ನೀರಿಗಾಗಿ ನೆಲವನ್ನು ಸಾವಿರ ಅಡಿ ಕೊರೆಯಬೇಕು. ಮೇಲಕ್ಕೆ ನೂರಹನ್ನೆರಡು, ಕೆಳಕ್ಕೆ ಸಾವಿರ: ನಮ್ಮ ಪ್ರಗತಿಯ ಅಳತೆ ಹೀಗಿದೆ.

ದಾವಣಗೆರೆಯನ್ನೇ ನೋಡಿ. ಒಂದು ಕಾಲಕ್ಕೆ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಗಿರಣಿಯ ಸಿಳ್ಳೆ ಕೇಳಿ ಊರು ಏಳುತ್ತಿತ್ತು. ಆ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಬಾಕಿ ಬಟವಾಡೆಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದ ಕಾರ್ಮಿಕರಲ್ಲಿ ಎಷ್ಟೋ ಮಂದಿ ಮೆಟ್ಟಿಲ ಮೇಲೆಯೇ ಮುದುಕರಾದರು. ಆದರೆ ಊರು ಬಡವಾಯಿತೇ? ಇಲ್ಲ. ಅಡಿಕೆ ಕ್ವಿಂಟಾಲಿಗೆ 50,000 ರೂಪಾಯಿ ಮುಟ್ಟಿತು. ಖಾಸಗಿ ಕಾಲೇಜುಗಳು ಬಂದವು, ಆಸ್ಪತ್ರೆಗಳು ಬಂದವು, ನಿವೇಶನದ ದಲ್ಲಾಳಿಗಳು ಬಂದರು. ಗಿರಣಿ ಊರು ಹೋಗಿ ಕಲ್ಯಾಣಮಂಟಪದ ಊರು ಬಂತು. ಆ ಕಲ್ಯಾಣಮಂಟಪಗಳಿಗೆ ಮದುವೆಯಿಲ್ಲದ ಆಷಾಢದಲ್ಲಿ ಗುರುಗಳು ಬಂದರು.

ಅಂಥದೊಂದು ಶಿಬಿರದ ಬಾಗಿಲಲ್ಲಿ ನಾವು ಮೂರು ದಿನ ಬೆಳಿಗ್ಗೆ ನಿಂತು ನೋಡಿದೆವು. ಮೇಷ್ಟ್ರಾಗಿದ್ದಾಗಿನ ಹಾಜರಿ ಹಿಡಿಯುವ ಚಟ ನಮ್ಮನ್ನು ಇನ್ನೂ ಬಿಟ್ಟಿಲ್ಲ. ಶಿಬಿರದ ಶುಲ್ಕ ಎ.ಪಿ.ಎಂ.ಸಿ. ಯಾರ್ಡಿನ ಹಮಾಲನ ನಾಲ್ಕು ದಿನದ ಕೂಲಿ. ಒಳಗೆ ಹೋದವರು ಅಕ್ಕಿ ಗಿರಣಿಯ ಮಾಲೀಕರು, ಅಡಿಕೆ ಮಂಡಿಯವರು, ಡಾಕ್ಟರುಗಳು, ಗುತ್ತಿಗೆದಾರರು, ಟ್ಯೂಷನ್ ಅಂಗಡಿಯವರು, ಬ್ಯಾಂಕಿನ ಮ್ಯಾನೇಜರುಗಳು, ಅವರ ಮನೆಯ ಹೆಣ್ಣುಮಕ್ಕಳು. ಹೊರಗೆ ಉಳಿದವರು ಅವರ ಕಾರಿನ ಡ್ರೈವರುಗಳು, ಶಾಮಿಯಾನ ಕಟ್ಟಿದ ಹುಡುಗರು, ಚಪ್ಪಲಿ ಕಾಯುವ ಮುದುಕ. ಒಳಗೆ ಧ್ವನಿವರ್ಧಕದಲ್ಲಿ ‘ಈ ಕ್ಷಣದಲ್ಲಿ ಬದುಕಿ, ನಾಳಿನ ಚಿಂತೆ ಬಿಡಿ’ ಎಂಬ ಬೋಧೆ ನಡೆದಿತ್ತು. ನಾಳಿನ ಚಿಂತೆ ಬಿಡುವುದು ಹೇಗೆಂದು ಚಪ್ಪಲಿ ಕಾಯುವ ಮುದುಕನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವನಿಗೆ ಇವತ್ತಿನದೇ ಸಾಕಾಗಿತ್ತು.

ಇಷ್ಟು ಜನ, ಇಷ್ಟು ಓದಿದವರು, ದುಡ್ಡು ತೆತ್ತು ಕೊಂಡುಕೊಳ್ಳುತ್ತಿರುವುದಾದರೂ ಏನನ್ನು? ಅವರೆಲ್ಲ ಮೂರ್ಖರೆಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಅವರು ಮೂರ್ಖರಲ್ಲ. ಒಂದು ಚೀಲ ಅಕ್ಕಿಯಲ್ಲಿ ಎಷ್ಟು ನುಚ್ಚಿದೆ ಎಂದು ಮುಟ್ಟಿದ ಕೂಡಲೇ ಹೇಳಬಲ್ಲವರು, ಕೊಂಡ ಸರಕಿನ ಬೆಲೆ ತಿಳಿಯದವರಲ್ಲ.

ಅವರು ಕೊಳ್ಳುವ ಮೊದಲನೆಯ ಸರಕು ನಿದ್ದೆ. ಈ ಹೊಸ ಸಿರಿ ಒಂಟಿ ಸಿರಿ. ಅಣ್ಣತಮ್ಮಂದಿರು ಭಾಗಕ್ಕಾಗಿ ಕೋರ್ಟಿನಲ್ಲಿದ್ದಾರೆ, ಮಗ ಅಮೆರಿಕದಲ್ಲಿದ್ದಾನೆ, ಅಡಿಕೆಯ ಧಾರಣೆ ನಾಳೆ ಏನಾಗುವುದೋ ತಿಳಿಯದು, ಮೈಯಲ್ಲಿ ಸಕ್ಕರೆ ಕಾಯಿಲೆ. ಹಿಂದೆ ಓಣಿಯಲ್ಲಿ ಒಬ್ಬರ ಕಷ್ಟಕ್ಕೆ ಒಬ್ಬರಾಗುತ್ತಿದ್ದರು; ಈಗ ಓಣಿ ಬಿಟ್ಟು ಕಾಂಪೌಂಡು ಗೋಡೆಯೊಳಗೆ ಸೇರಿದ್ದಾಗಿದೆ. ಗೋಡೆ ಕಳ್ಳನನ್ನು ತಡೆದೀತು, ಹೆದರಿಕೆಯನ್ನು ತಡೆಯದು. ಆ ಹೆದರಿಕೆ ನಿಜವಾದದ್ದು, ಅದನ್ನು ನಾವು ಗೇಲಿ ಮಾಡುವುದಿಲ್ಲ. ಮೂಗು ಹಿಡಿದು ಉಸಿರು ಬಿಗಿಹಿಡಿದರೆ ಎದೆಬಡಿತ ಒಂದಿಷ್ಟು ಇಳಿಯುತ್ತದೆ ಎಂದರೆ ಅದಕ್ಕೂ ನಮ್ಮ ತಕರಾರಿಲ್ಲ. ನಮ್ಮ ಅಜ್ಜಂದಿರೂ ಅಂಗಳದಲ್ಲಿ ಕುಳಿತು ಪ್ರಾಣಾಯಾಮ ಮಾಡುತ್ತಿದ್ದರು, ರಸೀತಿ ಹರಿಯುತ್ತಿರಲಿಲ್ಲ.

ಎರಡನೆಯ ಸರಕಿಗೇ ನಿಜವಾದ ಬೆಲೆ. ಅದು ಯೋಗ್ಯತಾಪತ್ರ. 2024ರಲ್ಲಿ ಪಿಕೆಟಿ ಮೊದಲಾದ ಅರ್ಥಶಾಸ್ತ್ರಜ್ಞರು ಲೆಕ್ಕಹಾಕಿದಂತೆ, 2022-23ರಲ್ಲಿ ಈ ದೇಶದ ನೂರಕ್ಕೆ ಒಬ್ಬರ ಕೈಯಲ್ಲಿ ದೇಶದ ಸಂಪತ್ತಿನ ಶೇಕಡಾ 40ರಷ್ಟು ಸೇರಿತ್ತು. ವರ್ಷದ ವರಮಾನದಲ್ಲಿ ಶೇಕಡಾ 22.6ರಷ್ಟು ಅವರದೇ. ಇಂಥ ದೇಶದಲ್ಲಿ ಕಾರಿನ ಗಾಜಿನಾಚೆ ನೋಡಿದವನಿಗೆ, ಎಷ್ಟೇ ದಪ್ಪ ಚರ್ಮವಿರಲಿ, ‘ಇದು ನನಗೇ ಏಕೆ, ಅವನಿಗೇಕಿಲ್ಲ?’ ಎಂಬ ಪ್ರಶ್ನೆ ಎಂದಾದರೊಂದು ದಿನ ಹುಟ್ಟದಿರದು. ಗುರು ಅದಕ್ಕೆ ಉತ್ತರ ಕೊಡುತ್ತಾನೆ: ನಿನ್ನ ಸಿರಿ ನಿನ್ನ ಪೂರ್ವಪುಣ್ಯ, ನಿನ್ನ ಒಳಗಿನ ಶಕ್ತಿಯ ಫಲ, ಅವನ ಬಡತನ ಅವನ ಕರ್ಮ, ಅವನ ಮನಸ್ಸಿನ ಜಡತೆ, ನಿನ್ನ ಸಂಕಟವಿರುವುದು ನಿನ್ನ ಮನಸ್ಸಿನಲ್ಲಿ, ನಿನ್ನ ಲೆಕ್ಕದ ಪುಸ್ತಕದಲ್ಲಲ್ಲ. ಈ ಕೊನೆಯ ಮಾತು ಕೇಳಿದಾಗ ಮಂಡಿಯ ಧಣಿಗೆ ಆಗುವ ಆನಂದವನ್ನು ನೀವೇ ಊಹಿಸಿಕೊಳ್ಳಿ. ಅಡಿಕೆ ಸುಲಿಯುವ ಹೆಂಗಸರ ಕೂಲಿಯ ಪುಟವನ್ನು ಇನ್ನು ಯಾರೂ ತೆರೆಯಬೇಕಾಗಿಲ್ಲ.

ಸಿರಿ ಬಂದಾಗ ಗುರು ಬರುವುದು ಈ ನೆಲಕ್ಕೆ ಹೊಸತಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಎರಡೂವರೆ ಸಾವಿರ ವರ್ಷಗಳ ಹಿಂದೆ ಗಂಗೆಯ ಬಯಲಿನಲ್ಲಿ ಪಟ್ಟಣಗಳೆದ್ದವು, ಬೆಳ್ಳಿಯ ನಾಣ್ಯ ಚಲಾವಣೆಗೆ ಬಂತು, ಸೆಟ್ಟರು ಸಿರಿವಂತರಾದರು. ಮಹಾವೀರ, ಬುದ್ಧರು ಬಂದದ್ದು ಆಗಲೇ. ಬುದ್ಧನಿಗಾಗಿ ತೋಟ ಕೊಳ್ಳಲು ಅನಾಥಪಿಂಡಿಕನೆಂಬ ಶ್ರಾವಸ್ತಿಯ ವರ್ತಕ ನೆಲದ ತುಂಬ ಹೊನ್ನು ಹಾಸಿದನೆಂದು ಬೌದ್ಧರ ಕಥೆ ಹೇಳುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣವೂ ಸಂತೆಪೇಟೆ ತುಂಬಿದ ಪಟ್ಟಣವೇ; ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದವರೇ. ಹಾಗಾದರೆ ಇವರಿಗೂ ಅವರಿಗೂ ಭೇದವೇನು? ಭೇದವಿಷ್ಟೇ: ಮಹಾವೀರರೂ ಬುದ್ಧರೂ ಅರಮನೆ ಬಿಟ್ಟು ಬೀದಿಗೆ ಬಂದವರು, ಇವರು ಬೀದಿ ಬಿಟ್ಟು ಅರಮನೆ ಸೇರಿದವರು. ಬಸವಣ್ಣನವರು ಕಾಯಕ ಮಾಡು ಎಂದರು, ಮಾಡಿ ಬಂದದ್ದನ್ನು ದಾಸೋಹಕ್ಕೆ ಕೊಡು ಎಂದರು. ಚಮ್ಮಾರನನ್ನೂ ಬ್ರಾಹ್ಮಣನನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಊರನ್ನೇ ಎದುರು ಹಾಕಿಕೊಂಡರು. ಆ ಕಾಲದ ಸಿರಿವಂತ ಗುರುವಿನ ಬಳಿ ಹೋಗಿ ಬಂದರೆ ಅವನ ನಿದ್ದೆ ಹಾರುತ್ತಿತ್ತು. ಈ ಕಾಲದ ಸಿರಿವಂತ ಗುರುವಿನ ಬಳಿ ಹೋಗುವುದೇ ನಿದ್ದೆ ಮಾಡುವುದಕ್ಕೆ.

ಹತ್ತಿರದ ಉದಾಹರಣೆಗಳೂ ಇವೆ. ಶಿಶುನಾಳದ ಶರೀಫರು ನಮ್ಮ ಹಾಗೆ ಶಾಲಾಮಾಸ್ತರರಾಗಿದ್ದವರು. ಗುರು ಗೋವಿಂದ ಭಟ್ಟರ ಕೈಹಿಡಿದು ಸಾಯುವತನಕ ಬಡವರಾಗಿಯೇ ಉಳಿದರು. 2019ರ ಜನವರಿಯಲ್ಲಿ ತಮ್ಮ 111ನೆಯ ವಯಸ್ಸಿನಲ್ಲಿ ಕಾಲವಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಮಠದಲ್ಲಿ ಹತ್ತು ಸಾವಿರದಷ್ಟು ಮಕ್ಕಳು ಜಾತಿ ಕೇಳದೆ ಉಂಡು ಓದುತ್ತಿದ್ದರು. ನಾವು ದೇವರನ್ನು ನಂಬುತ್ತೇವೋ ಬಿಡುತ್ತೇವೋ, ಹಸಿದ ಹುಡುಗನಿಗೆ ಮುದ್ದೆ ಬಡಿಸಿದವರ ಮುಂದೆ ಟೋಪಿ ತೆಗೆಯುತ್ತೇವೆ. ನಮ್ಮ ಜಗಳ ಕಾವಿಯ ಮೇಲಲ್ಲ, ಕಾವಿಯ ಕೆಳಗಿನ ಜೇಬಿನ ಮೇಲೆ.

ಇಲ್ಲಿ ಒಬ್ಬ ವಾಚಕ ಮಿತ್ರರು ಎದ್ದು ನಿಂತು, ‘ಬಡವರು ಹೋಗುವುದಿಲ್ಲವೇ? ಜಾತ್ರೆಯ ಹಾಗೆ ಸೇರುವವರು ಅವರೇ ಅಲ್ಲವೇ?’ ಎಂದು ಕೇಳಿಯಾರು. ಕೇಳಬೇಕಾದ ಪ್ರಶ್ನೆಯೇ. ಹೋಗುತ್ತಾರೆ. 2024ರ ಜುಲೈ 2ರಂದು ಉತ್ತರಪ್ರದೇಶದ ಹಾಥರಸ್‌ನಲ್ಲಿ ಒಬ್ಬ ಬಾಬಾನ ಸತ್ಸಂಗ ಮುಗಿದಾಗ ಕಾಲ್ತುಳಿತದಲ್ಲಿ 121 ಮಂದಿ ಸತ್ತರು; ಹೆಚ್ಚಿನವರು ಹೆಂಗಸರು, ಕೂಲಿನಾಲಿ ಮಾಡಿ ಬದುಕುವವರು. ಬಡವ ಹೋಗುವುದು ಊರಿನಲ್ಲಿ ಆಸ್ಪತ್ರೆ ಇಲ್ಲದ್ದಕ್ಕೆ, ಕುಡುಕ ಗಂಡ ದಾರಿಗೆ ಬರಲೆಂದು, ಯಾರಾದರೂ ತನ್ನನ್ನು ಮನುಷ್ಯಳೆಂದು ಕರೆಯಲೆಂದು. ಪಂಜಾಬನ್ನು ನೋಡಿ. ಹಸಿರು ಕ್ರಾಂತಿಯ ಹಣ ಭೂಮಾಲೀಕರ ಮನೆ ತುಂಬಿತು. ಗುರುದ್ವಾರದ ಆಡಳಿತವೂ ಬಹುಮಟ್ಟಿಗೆ ಅವರ ಕೈಯಲ್ಲೇ ಉಳಿಯಿತು. ಭೂಮಿಯಿಲ್ಲದ ದಲಿತರು ಒಂದಿಷ್ಟು ಮಾನ ಹುಡುಕಿಕೊಂಡು ಡೇರಾಗಳಿಗೆ ಹೋದರು. ಅಲ್ಲಿ ಅವರಿಗೆ ಸಿಕ್ಕವರಲ್ಲಿ ಡೇರಾ ಸಚ್ಚಾ ಸೌದಾದ ಗುರ್ಮೀತ್ ರಾಮ್ ರಹೀಮನೂ ಒಬ್ಬ. 2017ರ ಆಗಸ್ಟಿನಲ್ಲಿ ಅತ್ಯಾಚಾರದ ಅಪರಾಧಕ್ಕೆ ಅವನಿಗೆ 20 ವರ್ಷ ಶಿಕ್ಷೆಯಾಯಿತು. ತೀರ್ಪಿನ ದಿನ ಅವನಿಗಾಗಿ ಬೀದಿಗಿಳಿದು ಗುಂಡಿಗೆ ಸತ್ತವರು ಸಿರಿವಂತರಲ್ಲ. ಅಂದರೆ ಬಡವನ ಗುರುವೂ ಹುಟ್ಟುವುದು ಒಂದೇ ಕಡೆ ವಾಲಿದ ಸಿರಿಯಿಂದಲೇ. ತಕ್ಕಡಿಯ ಮೇಲೆದ್ದ ತಟ್ಟೆಯವನು ಭಯಕ್ಕೆ ಹೋಗುತ್ತಾನೆ, ಕೆಳಗೊತ್ತಿದ ತಟ್ಟೆಯವನು ಅವಮಾನಕ್ಕೆ ಹೋಗುತ್ತಾನೆ. ಮೇಲಿನವನಿಗೆ ಕುರ್ಚಿ ಸಿಗುತ್ತದೆ, ಕೆಳಗಿನವನಿಗೆ ಕಾಲ್ತುಳಿತ.

ಆದರೆ ಭಂಡಾರ ತುಂಬುವುದು ಬಡವನ ಹತ್ತು ರೂಪಾಯಿಯ ಹುಂಡಿಯಿಂದ ಮಾತ್ರವೇ? 2011ರ ಏಪ್ರಿಲಿನಲ್ಲಿ ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ತೀರಿಕೊಂಡ ಮೇಲೆ ಜೂನಿನಲ್ಲಿ ಅವರ ಖಾಸಗಿ ಕೋಣೆ ತೆರೆದಾಗ ಸಿಕ್ಕಿದ್ದು 98 ಕಿಲೋ ಬಂಗಾರ, 307 ಕಿಲೋ ಬೆಳ್ಳಿ, 11.56 ಕೋಟಿ ರೂಪಾಯಿ ನಗದು. ಅವರ ಟ್ರಸ್ಟು ಪುಟ್ಟಪರ್ತಿಯಲ್ಲೂ ವೈಟ್‌ಫೀಲ್ಡಿನಲ್ಲೂ ಪುಕ್ಕಟೆ ಆಸ್ಪತ್ರೆ ಕಟ್ಟಿತು, ಅನಂತಪುರ ಜಿಲ್ಲೆಯ ಬರಡು ಹಳ್ಳಿಗಳಿಗೆ ಕುಡಿಯುವ ನೀರು ಕೊಟ್ಟಿತು. ಅದನ್ನು ಮುಚ್ಚಿಟ್ಟು ನಾವು ವಾದ ಹೂಡುವುದಿಲ್ಲ. ಆದರೆ ನೀರು ಕೊಡುವುದು ಸರ್ಕಾರದ ಕೆಲಸ. ಸರ್ಕಾರ ತೆರಿಗೆ ಎತ್ತಿ ಕೊಟ್ಟರೆ ಅದು ಹಕ್ಕು, ಬಾಬಾ ಕಾಣಿಕೆ ಎತ್ತಿ ಕೊಟ್ಟರೆ ಅದು ಪವಾಡ. ಹಕ್ಕು ಕೇಳುವವನು ಎದ್ದು ನಿಲ್ಲುತ್ತಾನೆ, ಪವಾಡ ಕಾಯುವವನು ಅಡ್ಡಬೀಳುತ್ತಾನೆ. ಆ ಬಾಬಾ ಕೈಯಾಡಿಸಿ ಬೂದಿ, ಉಂಗುರ ಬರಿಸುತ್ತಿದ್ದ ಕಾಲದಲ್ಲಿ, 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸುವ ಸಮಿತಿಯೊಂದನ್ನು ಮಾಡಿ, ನಮ್ಮೆದುರು ಮಾಡಿ ತೋರಿಸಿ ಎಂದು ಪತ್ರ ಬರೆದರು. ಒಂದಲ್ಲ, ಮೂರು ಪತ್ರ. ಉತ್ತರ ಬರಲಿಲ್ಲ. ಕೇಳಿದವರು ಕಾಲೇಜು ಹಾಸ್ಟೆಲಿನ ಕೋಣೆಯಲ್ಲಿ ಬದುಕು ಕಳೆದ, ಖಾದಿಯುಟ್ಟ ಬ್ರಹ್ಮಚಾರಿ ಮೇಷ್ಟ್ರು. ಸನ್ಯಾಸಿ ಯಾರು ಎಂಬುದನ್ನು ವಾಚಕರೇ ತೀರ್ಮಾನಿಸಲಿ.

ಈಗ ಲೆಕ್ಕದ ಪುಸ್ತಕಕ್ಕೆ ಬರೋಣ. ಪೇಟೆಯ ಗೆಳೆಯರಿಗೆ ಇದು ಮುಖ್ಯ. 2015ರಲ್ಲಿ ಕೇಂದ್ರ ಸರ್ಕಾರ ಆದಾಯ ತೆರಿಗೆ ಕಾಯಿದೆಯನ್ನು ತಿದ್ದಿ ‘ಯೋಗ’ವನ್ನೂ ಧರ್ಮಾರ್ಥ ಕೆಲಸಗಳ ಪಟ್ಟಿಗೆ ಸೇರಿಸಿತು. 2017ರಲ್ಲಿ ಜಿ.ಎಸ್.ಟಿ. ಬಂದಾಗ ನೋಂದಾಯಿತ ಧರ್ಮಾರ್ಥ ಸಂಸ್ಥೆಗಳು ಧರ್ಮ, ಅಧ್ಯಾತ್ಮ, ಯೋಗಗಳ ಪ್ರಚಾರಕ್ಕಾಗಿ ಮಾಡುವ ಸೇವೆಗೆ ವಿನಾಯಿತಿ ಸಿಕ್ಕಿತು. 2022ರ ಜುಲೈ 18ರಂದು ಮಾತ್ರ ಪೊಟ್ಟಣ ಕಟ್ಟಿ ಚೀಟಿ ಹಚ್ಚಿದ ಅಕ್ಕಿ, ಹಿಟ್ಟು, ಬೇಳೆ, ಮೊಸರುಗಳ ಮೇಲೆ ಶೇಕಡಾ 5ರ ತೆರಿಗೆ ಬಿತ್ತು. ಆ ಪಟ್ಟಿಯಲ್ಲಿ ಮಂಡಕ್ಕಿಯೂ ಇತ್ತು. ದಾವಣಗೆರೆಯವರೇ, ಮಂಡಕ್ಕಿ! ಭಟ್ಟಿಯ ಮುಂದೆ ಮೈ ಬೇಯಿಸಿಕೊಂಡು ಹುರಿದ ಮಂಡಕ್ಕಿಗೆ ತೆರಿಗೆ. ಹವಾನಿಯಂತ್ರಿತ ಸಭಾಂಗಣದಲ್ಲಿ ಕಣ್ಣು ಮುಚ್ಚುವುದು ಧರ್ಮಾರ್ಥ.

ಧರ್ಮಾರ್ಥದ ಪಕ್ಕದಲ್ಲೇ ಅಂಗಡಿ ತೆರೆಯುವುದೂ ಉಂಟು. ಯೋಗದ ಬಾಬಾ ರಾಮದೇವರು ಟಿ.ವಿ.ಯಲ್ಲಿ ಹೊಟ್ಟೆ ಕುಣಿಸಿ ಹೆಸರಾದರು. 2006ರಲ್ಲಿ ಪತಂಜಲಿ ಕಂಪನಿ ಬಂತು. 2016-17ರಲ್ಲಿ ಅದರ ವಹಿವಾಟು ಹತ್ತು ಸಾವಿರ ಕೋಟಿ ದಾಟಿತ್ತು. ತುಪ್ಪ, ಹಿಟ್ಟು, ಹಲ್ಲುಜ್ಜುವ ಪೇಸ್ಟು, ಬಿಸ್ಕತ್ತು. ಭಕ್ತಿಯಿಂದ ಸಾಬೂನು ಕೊಳ್ಳುವ ಗಿರಾಕಿ ಹುಟ್ಟಿದ ಮೇಲೆ ಓಣಿಯ ಕಿರಾಣಿ ಅಂಗಡಿಯವನು ಯಾವ ದೇವರ ಹೆಸರಿನಲ್ಲಿ ತನ್ನ ಸಾಬೂನು ಮಾರಬೇಕು? 2019ರಲ್ಲಿ ಆ ಕಂಪನಿ ದಿವಾಳಿಯೆದ್ದ ರುಚಿ ಸೋಯಾ ಎಂಬ ಎಣ್ಣೆ ಕಂಪನಿಯನ್ನು ಸುಮಾರು 4,350 ಕೋಟಿಗೆ ಕೊಂಡಿತು. ಅದರ ಬಹುಪಾಲು ಬ್ಯಾಂಕುಗಳ ಸಾಲ. ಎರಡು ಲಕ್ಷದ ಸಾಲಕ್ಕೆ ಮೂವರು ಜಾಮೀನು ಕೇಳಿಸಿಕೊಂಡ ನಮ್ಮ ವ್ಯಾಪಾರಿಗಳು ಇದನ್ನು ಎರಡು ಸಲ ಓದಲಿ. ರೋಗ ವಾಸಿಮಾಡುವ ಸುಳ್ಳು ಜಾಹೀರಾತುಗಳಿಗಾಗಿ 2024ರಲ್ಲಿ ಸುಪ್ರೀಂ ಕೋರ್ಟು ಛೀಮಾರಿ ಹಾಕಿದ ಮೇಲೆ ಪತ್ರಿಕೆಗಳಲ್ಲಿ ಕ್ಷಮಾಪಣೆ ಅಚ್ಚಾಯಿತು. ಸರ್ಕಾರಗಳಂತೂ ಇವರ ಮುಂದೆ ನಡು ಬಗ್ಗಿಸಿಯೇ ನಿಲ್ಲುತ್ತವೆ. 2016ರ ಮಾರ್ಚಿನಲ್ಲಿ ದೆಹಲಿಯ ಯಮುನಾ ಬಯಲಿನಲ್ಲಿ ಆರ್ಟ್ ಆಫ್ ಲಿವಿಂಗ್ ಉತ್ಸವಕ್ಕೆ ಸೈನ್ಯದವರು ತೇಲುಸೇತುವೆ ಕಟ್ಟಿಕೊಟ್ಟರು; ಹಸಿರು ನ್ಯಾಯಮಂಡಳಿ 5 ಕೋಟಿ ಕಟ್ಟಿಸಿತು, ನದಿಯ ಬಯಲು ಕೆಟ್ಟದ್ದಕ್ಕೆ ಆ ಸಂಸ್ಥೆಯೇ ಹೊಣೆಯೆಂದು 2017ರಲ್ಲಿ ಹೇಳಿತು. ನಮ್ಮ ಹಳ್ಳಿಯ ಮಕ್ಕಳು ಹಳ್ಳ ದಾಟಲು ಒಂದು ಕಾಲುಸಂಕ ಕೇಳಿದರೆ ಟೆಂಡರು ಕರೆಯುವುದಕ್ಕೆ ಎರಡು ಮಳೆಗಾಲ ಹೋಗುತ್ತದೆ.

ಸಣ್ಣ ವ್ಯಾಪಾರಸ್ಥರಲ್ಲೂ ಕೆಲವರು ಇತ್ತೀಚೆಗೆ ಶಿಬಿರ ಸೇರುತ್ತಿದ್ದಾರೆ. ಅವರನ್ನು ನಾವು ಬಯ್ಯುವುದಿಲ್ಲ. 2016ರ ನವೆಂಬರಿನ ನೋಟುರದ್ದು, ಮರುವರ್ಷದ ಜಿ.ಎಸ್.ಟಿ., ಆಮೇಲೆ ಕೊರೋನಾ, ಆಮೇಲೆ ಮೊಬೈಲಿನಲ್ಲಿ ಸಾಮಾನು ತರಿಸುವ ಗಿರಾಕಿ – ಇಷ್ಟಾದ ಮೇಲೆ ಯಾರ ಎದೆ ಬಡಿದುಕೊಳ್ಳದು? ಆದರೆ ಒಂದನ್ನು ನೆನಪಿಸುತ್ತೇವೆ. 2025ರ ಜುಲೈನಲ್ಲಿ ಯು.ಪಿ.ಐ. ಲೆಕ್ಕ ಹಿಡಿದು ರಾಜ್ಯದ ಸಾವಿರಾರು ಸಣ್ಣ ಅಂಗಡಿಗಳಿಗೆ ತೆರಿಗೆಯ ನೋಟೀಸು ಬಂತು. ಹಾಲು, ತರಕಾರಿ ಮಾರುವವನಿಗೂ ಲಕ್ಷಗಟ್ಟಲೆಯ ನೋಟೀಸು. ಆಗ ಅಂಗಡಿಯವರು ಗೋಡೆಯ ಮೇಲಿನ ಸ್ಕ್ಯಾನ್ ಚೀಟಿ ಕಿತ್ತುಹಾಕಿ ‘ನಗದು ಮಾತ್ರ’ ಎಂದು ಬರೆದರು; ಬೇಕರಿಯವರು, ಹಾಲಿನವರು, ಬೀಡಾ ಅಂಗಡಿಯವರು ಒಂದಾಗಿ ಬಂದ್ ಮಾಡುತ್ತೇವೆಂದರು. ಅದೇ ತಿಂಗಳು ಮುಖ್ಯಮಂತ್ರಿಗಳು ಅವರನ್ನು ಕರೆಸಿ ಮಾತಾಡಿ, ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಹೇಳಬೇಕಾಯಿತು. ಅಷ್ಟು ದಿನವೂ ಯಾವ ಗುರುವೂ ಅಂಗಡಿಯವರ ಪರ ಬಾಯಿ ತೆರೆದದ್ದು ನಮ್ಮ ಕಿವಿಗೆ ಬೀಳಲಿಲ್ಲ.

ಇನ್ನು ಗಿರಣಿ. ಈ ಬರಹ ಬರೆಯಲು ನಿಜವಾಗಿ ಕಾರಣವಾದದ್ದು ಇದೇ. ಜಿಲ್ಲೆಯ ನೂಲಿನ ಗಿರಣಿಯೊಂದರಲ್ಲಿ ಧಣಿಗಳು ಗುರುಗಳ ಶಿಬಿರ ಮುಗಿಸಿ ಬಂದವರೇ ಕಾರ್ಮಿಕರಿಗೂ ಆ ಭಾಗ್ಯ ಸಿಗಲೆಂದು ಮನಸ್ಸು ಮಾಡಿದರು. ಬೆಳಗಿನ ಪಾಳಿಗೆ ಅರ್ಧ ಗಂಟೆ ಮುಂಚೆ ಬರಬೇಕು, ಉಸಿರಾಟದ ಪಾಠ, ಬಿಳಿಯಂಗಿಯ ಶಿಕ್ಷಕ. ಅರ್ಧ ಗಂಟೆಗೆ ಕೂಲಿಯಿಲ್ಲ. ಹಾಜರಾಗದವರ ಹೆಸರು ಮೇಸ್ತ್ರಿ ಬರೆದುಕೊಳ್ಳುತ್ತಾನೆ. ನೂಲು ಸುತ್ತುವ ವಿಭಾಗದ ಹೆಣ್ಣುಮಗಳೊಬ್ಬಳು ನಮಗೆ ಹೇಳಿದಳು: ‘ಉಸ್ರು ಜೋರಾಗಿ ಎಳ್ಕಳ್ರಿ ಅಂತಾರಣ್ಣ. ಎಳ್ಕಂಡ್ರೆ ಒಳಗೆ ಹೋಗೋದು ಹತ್ತಿ ಧೂಳು.’

ಇದು ಕುಹಕವಲ್ಲ, ವೈದ್ಯಶಾಸ್ತ್ರ. ಹತ್ತಿಯ ಧೂಳು ವರ್ಷಗಟ್ಟಲೆ ಎದೆಗೆ ಹೋದರೆ ಬಿಸಿನೋಸಿಸ್ ಎಂಬ ಕಾಯಿಲೆ ಬರುತ್ತದೆ. ವಾರದ ರಜೆ ಕಳೆದು ಕೆಲಸಕ್ಕೆ ಬಂದ ಮೊದಲ ದಿನ ಎದೆ ಬಿಗಿಯುತ್ತದೆ, ದಮ್ಮು ಹತ್ತುತ್ತದೆ; ಆಮೇಲಾಮೇಲೆ ಎಲ್ಲ ದಿನವೂ. ಅದು ಕಾರಖಾನೆಯ ಕಾಯಿಲೆಯೆಂದು 1948ರ ಕಾರ್ಖಾನೆ ಕಾಯಿದೆಯ ಪಟ್ಟಿಯಲ್ಲೇ ಸೇರಿತ್ತು. ಅದಕ್ಕೆ ಮದ್ದು ಪ್ರಾಣಾಯಾಮವಲ್ಲ. ಧೂಳು ಹೀರುವ ಯಂತ್ರ, ಮೂಗಿಗೆ ಒಳ್ಳೆಯ ಮುಸುಕು, ವರ್ಷಕ್ಕೊಮ್ಮೆ ಎದೆ ತಪಾಸಣೆ. ಇವು ಮೂರಕ್ಕೂ ಹಣ ಬೇಕು. ಉಸಿರಾಟದ ಪಾಠಕ್ಕೆ ಅಷ್ಟು ಬೇಡ. ಗುರುವಿನ ಗುಟ್ಟು ಇಲ್ಲಿದೆ ನೋಡಿ: ಅವನು ಧಣಿಗೆ ಅಗ್ಗ.

ಹೊತ್ತಿನ ಮಾತೂ ಹಾಗೆಯೇ. 2023ರಲ್ಲಿ ನಮ್ಮ ರಾಜ್ಯದ ಕಾರ್ಖಾನೆ ಕಾಯಿದೆಯನ್ನು ತಿದ್ದಿ, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿಮಾಡಿದರು. ಮೂರು ತಿಂಗಳಿಗೆ 75 ಗಂಟೆ ಇದ್ದ ಹೆಚ್ಚುವರಿ ದುಡಿತದ ಮಿತಿಯನ್ನು 145ಕ್ಕೆ ಏರಿಸಿದರು. ಗಿರಣಿಯವರ ಕತೆ ಹೋಗಲಿ, ಮೇಜಿನ ಮುಂದೆ ಕೂರುವ ಕಂಪನಿಯ ಮಕ್ಕಳ ಕತೆ ಕೇಳಿ. 2024ರಲ್ಲಿ ಪುಣೆಯಲ್ಲಿ ನೌಕರಿಗೆ ಸೇರಿದ ನಾಲ್ಕೇ ತಿಂಗಳಿಗೆ ಒಬ್ಬ ಯುವತಿ ಸತ್ತಳು. ದುಡಿತದ ಹೊರೆಯೇ ಕೊಂದಿತೆಂದು ಹೆತ್ತತಾಯಿ ಕಂಪನಿಗೆ ಪತ್ರ ಬರೆದಳು. ಅದೇ ಸೆಪ್ಟೆಂಬರಿನಲ್ಲಿ ದೇಶದ ಅರ್ಥಸಚಿವೆ ನಿರ್ಮಲಾ ಸೀತಾರಾಮನ್ ಅವರು ಚೆನ್ನೈ ಸಭೆಯೊಂದರಲ್ಲಿ ಆ ಸಾವನ್ನು ಪ್ರಸ್ತಾಪಿಸಿ, ಒತ್ತಡ ತಡೆದುಕೊಳ್ಳುವ ಒಳಗಿನ ಶಕ್ತಿಯನ್ನು ಮಕ್ಕಳಿಗೆ ಮನೆಯಲ್ಲಿ, ಕಾಲೇಜಿನಲ್ಲಿ ಕಲಿಸಬೇಕು, ಆ ಶಕ್ತಿ ದೈವಭಕ್ತಿಯಿಂದ ಬರುತ್ತದೆ ಎಂಬರ್ಥದ ಮಾತಾಡಿದರು. ಅರ್ಥಸಚಿವರು! ದುಡಿತಕ್ಕೆ ಗಂಟೆಯ ಮಿತಿ ಹಾಕುವ ಕಾನೂನು ಮಾಡಬಲ್ಲವರು. ಗುರುಗಳು ಸಚಿವರ ಹಾಗೆ ಮಾತಾಡತೊಡಗಿ ಎಷ್ಟೋ ಕಾಲವಾಯಿತು. ಈಗ ಸಚಿವರೂ ಗುರುಗಳ ಹಾಗೆ ಮಾತಾಡುತ್ತಿದ್ದಾರೆ.

ನೂಲಿನ ಗಿರಣಿಯ ಹೆಣ್ಣುಮಕ್ಕಳು ಸುಮ್ಮನೆ ಕುಳಿತಿಲ್ಲ. ಕಳೆದ ಬಟವಾಡೆಯ ದಿನ ಗೇಟಿನ ಹೊರಗೆ ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತು ಒಂದು ಅರ್ಜಿ ಬರೆಸಿದರು. ನಮ್ಮ ಕೈಬರಹ ನೆಟ್ಟಗಿದೆಯೆಂದು ಬರೆಯುವ ಕೆಲಸ ನಮಗೆ ಬಿತ್ತು. ಅದರಲ್ಲಿ ಗುರುಗಳ ವಿರುದ್ಧ ಒಂದಕ್ಷರವೂ ಇಲ್ಲ. ಉಸಿರಾಟದ ಪಾಠದ ಅರ್ಧ ಗಂಟೆಯನ್ನು ದುಡಿತದ ವೇಳೆಗೆ ಸೇರಿಸಿ ಕೂಲಿ ಕೊಡಬೇಕು. ಧೂಳು ಹೀರುವ ಯಂತ್ರ ಕೆಟ್ಟು ನಿಂತಿರುವುದನ್ನು ರಿಪೇರಿ ಮಾಡಿಸಬೇಕು, ಅದಾಗುವತನಕ ಪಾಠವನ್ನು ವಿಭಾಗದ ಒಳಗಲ್ಲ, ಹೊರಗೆ ಬೇವಿನ ಮರದ ಕೆಳಗೆ ನಡೆಸಬೇಕು. ಎಲ್ಲರ ಎದೆ ತಪಾಸಣೆ ಮಾಡಿಸಿ ಅದರ ಕಾಗದವನ್ನು ಅವರವರ ಕೈಗೇ ಕೊಡಬೇಕು. ಅರ್ಜಿಗೆ 43 ಸಹಿ, ಹನ್ನೊಂದು ಹೆಬ್ಬೆಟ್ಟು. ಒಂದು ಪ್ರತಿ ಮಾಲೀಕರಿಗೆ ಹೋಗಿದೆ, ಇನ್ನೊಂದು ಕಾರ್ಖಾನೆ ಇನ್‌ಸ್ಪೆಕ್ಟರರ ಕಚೇರಿಗೆ. ಎರಡಕ್ಕೂ ಹಿಂಬರಹ ಪಡೆದಿದ್ದಾರೆ.